ಬಿಳಿ ಚೀಟಿಗೆ ಇಟ್ಟ ಬೊಟ್ಟು

ಆ ದಿನಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಯೂನಿಯನ್ ಸಿಟಿಯ ನಮ್ಮ ಅಪಾರ್ಟ್‌ಮೆಂಟಿನ ಸುತ್ತ ಇದ್ದ ಕನ್ನಡದ ಮನೆಗಳಲ್ಲಿ ರಜೆ ಎಂದರೆ ಒಂದೇ ಅರ್ಥ. ಕುಕ್ಕರು, ಅಕ್ಕಿ, ಉಪ್ಪಿನಕಾಯಿ ತುಂಬಿಕೊಂಡು ಕಾರು ಹೋಗುವಷ್ಟು ದೂರ ಹೋಗಿ ಬರುವುದು. ದೇಶದ ಗಡಿ ದಾಟುವ ಮಾತು ಬಂದರೆ ಮಾತ್ರ ದೊಡ್ಡವರೆಲ್ಲ ದನಿ ತಗ್ಗಿಸುತ್ತಿದ್ದರು. ಹೊರಗೆ ಹೋಗುವುದೇನೋ ಸುಲಭ, ತಿರುಗಿ ಒಳಗೆ ಬಿಡದಿದ್ದರೆ? ನಮ್ಮ ಹಾಗೆ ಇಲ್ಲಿ ಬೆಳೆದವರಿಗೆ ಆ ತಗ್ಗಿದ ದನಿ ಈಗಲೂ ನೆನಪಿರುತ್ತದೆ. ವೀಸಾ ಎನ್ನುವುದು ಯಾವುದೋ ಕಾಯಿಲೆಯ ಹೆಸರು ಎಂದು ನಾನು ಬಹಳ ದಿನ ತಿಳಿದಿದ್ದೆ.

ನಾನು ಮೂರನೇ ಗ್ರೇಡಿನಲ್ಲಿದ್ದ ವರ್ಷ ಹುಬ್ಬಳ್ಳಿಯಿಂದ ಅಜ್ಜಿ, ಅಪ್ಪನ ಅವ್ವ, ಆರು ತಿಂಗಳಿಗೆಂದು ಬಂದಿದ್ದಳು. ಅಪ್ಪನಿಗೆ ಅದೇನು ಹುಕಿ ಬಂತೋ, ಶಾಲೆಯ ಸ್ಪ್ರಿಂಗ್ ಬ್ರೇಕ್ ರಜೆಯಲ್ಲಿ ಮೆಕ್ಸಿಕೋಗೆ ಹೋಗೋಣ ಎಂದರು. ಆಫೀಸಿನಿಂದ ಹಾಳೆಗಟ್ಟಲೆ ಪ್ರಿಂಟು ಹೊತ್ತು ತಂದರು. ಕಾನ್‌ಕುನ್‌ನ ಬೀಚು, ತುಲುಮ್‌ನಲ್ಲಿ ಸಮುದ್ರದ ದಂಡೆಯ ಮೇಲಿನ ಹಾಳು ಗುಡಿಗಳು, ಚಿಚೆನ್ ಇಟ್ಸಾದ ಪಿರಮಿಡ್ಡು, ಮೆರಿದಾ ಊರಿನ ಹಳೆಯ ಚೌಕ. ಯಾವ ದಿನ ಎಷ್ಟು ಗಂಟೆಗೆ ಉಚ್ಚೆಗೆ ಹೋಗಬೇಕು ಎಂಬುದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಅದರಲ್ಲಿ ಬರೆದಿತ್ತು.

ಅಪ್ಪ ಅಮ್ಮನ ಅಮೆರಿಕದ ವೀಸಾ ಮುಗಿದು ವರ್ಷವಾಗಿತ್ತು. ಹೊಸದು ಮಾಡಿಸಲು ಇಂಡಿಯಾಕ್ಕೆ ಹೋಗಬೇಕು. ಆದರೆ ಮೆಕ್ಸಿಕೋಗೆ ಹೋಗಿ ತಿಂಗಳೊಳಗೆ ಬರುವವರಿಗೆ ಒಂದು ವಿನಾಯಿತಿ ಇತ್ತು. ಪಾಸ್‌ಪೋರ್ಟಿನೊಳಗೆ ಪಿನ್ನು ಹೊಡೆದ ಒಂದು ಬಿಳಿ ಚೀಟಿ ಇರುತ್ತಿತ್ತು. ಇಂಥ ದಿನದವರೆಗೆ ಇವರು ಈ ದೇಶದಲ್ಲಿ ಇರಬಹುದು ಎಂದು ಅದರ ಮೇಲೆ ತಾರೀಖು. ಆ ಚೀಟಿ ಸರಿಯಾಗಿದ್ದರೆ ಹಳೆಯ ವೀಸಾದ ಮೇಲೆಯೇ ಒಳಗೆ ಬಿಡುತ್ತಿದ್ದರು. ನಾನು ಇಲ್ಲೇ ಹುಟ್ಟಿದವಳು, ನನಗೆ ಇದಾವುದರ ಕಾಟವಿಲ್ಲ. ಅಜ್ಜಿಯ ವೀಸಾ ಹೊಸದು. ಪ್ರಾಣಸಂಕಟವೆಲ್ಲ ಅಪ್ಪ ಅಮ್ಮನದು.

ಅಜ್ಜಿಯದೊಂದು ಪದ್ಧತಿ. ಮನೆಗೆ ಏನೇ ಹೊಸದು ಬರಲಿ, ಯಾರೇ ದೂರ ಹೊರಡಲಿ, ಅದಕ್ಕೊಂದು ಕುಂಕುಮದ ಬೊಟ್ಟು ಬೀಳಲೇಬೇಕು. ಬಂದ ವಾರದಲ್ಲೇ ನಮ್ಮ ಡಿಶ್‌ವಾಷರಿಗೂ ನನ್ನ ಸೈಕಲ್ಲಿಗೂ ಬೊಟ್ಟು ಬಿದ್ದಿತ್ತು. ಹೊರಡುವ ಮುಂಚಿನ ದಿನ ಅಪ್ಪ ಪಾಸ್‌ಪೋರ್ಟುಗಳನ್ನು ತಾವೇ ದೇವರ ಮುಂದೆ ಇಟ್ಟು, ಅಜ್ಜಿಗೆ ಎಚ್ಚರಿಕೆ ಕೊಟ್ಟರು.

"ಅವ್ವಾ, ಕೈ ಮುಗಿ, ಆರತಿ ಬೇಕಾದ್ರ ಮಾಡು. ಆದ್ರ ಈ ಪುಸ್ತಕಕ್ಕ ಕುಂಕುಮ ಹಚ್ಚಬ್ಯಾಡ. ಹಾಳಿಗಿ ಕಲಿ ಬಿದ್ರ ನಡಿಯೂದಿಲ್ಲ."

"ಹಚ್ಚಂಗಿಲ್ಲೋ. ನನಗೇನು ಅಷ್ಟೂ ತಿಳಿಯೂದಿಲ್ಲೇನು?" ಎಂದಳು ಅಜ್ಜಿ.

ಅಪ್ಪ ಅತ್ತ ಹೋದ ಮೇಲೆ ನನ್ನನ್ನು ಕರೆದಳು. ಎಣ್ಣೆಯಲ್ಲಿ ಕಲಸಿದ ಕುಂಕುಮದ ಬಟ್ಟಲು ಎಡಗೈಯಲ್ಲಿತ್ತು.

"ಬಾ ಚಿನ್ನಿ, ನಿಮ್ಮಪ್ಪನ ಪುಸ್ತಕ ತಗದು ಹಿಡಿ. ಪುಸ್ತಕಕ್ಕ ಹಚ್ಚಬಾರದಂತ. ಈ ಬಿಳೇ ಚೀಟಿ ಬ್ಯಾರೆ ಅಂಟಿಸ್ಯಾರಲ್ಲ, ಇದಕ್ಕ ಒಂದು ಸಣ್ಣ ಬೊಟ್ಟು ಇಡೂಣು. ದಾರಿಗೆ ಬೊಟ್ಟಿಲ್ಲದ ಹೋಗಬಾರದು."

ನಾನು ಎರಡೂ ಕೈಯಿಂದ ಪುಟ ಹಿಡಿದುಕೊಂಡೆ. ಉಂಗುರ ಬೆರಳಿನ ತುದಿಯಿಂದ ಚೀಟಿಯ ಮೂಲೆಗೆ ಸಾಸಿವೆಯಷ್ಟು ಬೊಟ್ಟು ಇಟ್ಟಳು. "ಅಪ್ಪಗ ಹೇಳಬ್ಯಾಡ, ಸುಮ್ಮನ ಬೈತಾನ" ಎಂದು ಕಣ್ಣು ಮಿಟುಕಿಸಿದಳು. ಅಪ್ಪನಿಗೆ ಗೊತ್ತಿಲ್ಲದ ಗುಟ್ಟು ನಮ್ಮಿಬ್ಬರಿಗೇ ಇದೆ ಎಂದು ನನಗೆ ಖುಷಿಯೋ ಖುಷಿ.

ಕಾನ್‌ಕುನ್‌ನಲ್ಲಿ ಇಳಿದಾಗ ಬಿಸಿಗಾಳಿ ಮುಖಕ್ಕೆ ರಪ್ಪನೆ ಬಡಿಯಿತು. "ನಮ್ಮೂರಿನ ಬಿಸಿಲು ಇಲ್ಲೇ ಬಂದೈತಿ ನೋಡು" ಎಂದು ಅಜ್ಜಿ ಹಿಗ್ಗಿದಳು. ಸೀರೆ ಮೊಣಕಾಲಿನವರೆಗೆ ಎತ್ತಿಕೊಂಡು ನೀಲಿ ನೀರಿನಲ್ಲಿ ನಿಂತು, ಅಲೆ ಬಂದಾಗಲೆಲ್ಲ ಚಿಕ್ಕ ಹುಡುಗಿಯಂತೆ ಕೂಗಿದಳು. ಅಂಗಡಿಯ ಟೋರ್ಟಿಯಾಕ್ಕೆ ಡಬ್ಬಿಯಿಂದ ಶೇಂಗಾ ಚಟ್ನಿ ಹಾಕಿಕೊಂಡು, ಇವರೂ ರೊಟ್ಟಿ ತಿನ್ನುವ ಮಂದಿಯೇ ಎಂದು ತೀರ್ಪು ಕೊಟ್ಟಳು. ಸನ್‌ಸ್ಕ್ರೀನಿನ ವಾಸನೆ, ಸುಟ್ಟ ಮೆಕ್ಕೆಜೋಳದ ಮೇಲೆ ಹಿಂಡಿದ ನಿಂಬೆಯ ವಾಸನೆ ಎರಡೂ ಸೇರಿದರೆ ಇವತ್ತಿಗೂ ನನಗೆ ಆ ದಂಡೆಯೇ ಕಣ್ಣ ಮುಂದೆ ಬರುತ್ತದೆ.

ಎರಡನೆಯ ದಿನ ಮಧ್ಯಾಹ್ನ ನಾನು ಮರಳಿನಲ್ಲಿ ಗುಂಡಿ ತೋಡುತ್ತಿದ್ದೆ. ಹಿಂದೆ ಕೊಡೆಯ ಕೆಳಗೆ ಅಮ್ಮ ಕೇಳುತ್ತಿದ್ದರು.

"ರೀ, ವಾಪಸ್ ಹೋಗ್ತಾ ಏನೂ ತೊಂದರೆ ಆಗಲ್ಲ ತಾನೇ?"

"ಚೀಟಿ ಒಂದು ಸರಿ ಇದ್ರ ಆತು. ಅದಕ್ಕೇನರ ಆದ್ರ ಇಲ್ಲಿಂದ ಸೀದಾ ಹುಬ್ಬಳ್ಳಿ. ಕೆಲಸ, ಮನಿ, ಇವಳ ಸಾಲಿ ಎಲ್ಲಾ ಮುಗೀತು."

ನನ್ನ ಕೈ ಗುಂಡಿಯಲ್ಲೇ ನಿಂತಿತು. ಹೋಟೆಲಿಗೆ ಬಂದೊಡನೆ, ಅಪ್ಪ ಸ್ನಾನಕ್ಕೆ ಹೋದ ಹೊತ್ತು ನೋಡಿ, ಅವರ ಪೌಚಿನಿಂದ ಪಾಸ್‌ಪೋರ್ಟು ತೆಗೆದೆ. ಮೂಲೆಯಲ್ಲಿ ಬೊಟ್ಟು ಇತ್ತು. ಅದು ಅಲ್ಲೇ ಇದ್ದಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ, ಈಗ ಗೊತ್ತು. ಆಗ ಗೊತ್ತಿರಲಿಲ್ಲ. ಟಿಶ್ಯೂ ಒದ್ದೆ ಮಾಡಿ ತಿಕ್ಕಿದೆ. ಕೆಂಪು ಹರಡಿತು. ಹೆದರಿ ಇನ್ನಷ್ಟು ತಿಕ್ಕಿದೆ. ತಾರೀಖಿನ ಮಸಿಯೂ ಕುಂಕುಮದೊಡನೆ ಕಲಸಿಕೊಂಡು, ಕಾಗದ ಜುಂಗು ಜುಂಗಾಗಿ ಎದ್ದಿತು. ಶವರಿನ ನೀರು ನಿಂತ ಸದ್ದು ಕೇಳಿ ಪುಸ್ತಕ ಮುಚ್ಚಿ ಪೌಚಿನಲ್ಲಿ ತುರುಕಿಬಿಟ್ಟೆ.

ಮುಂದಿನ ನಾಲ್ಕು ದಿನ ನಾನು ನೋಡಿದ್ದೆಲ್ಲ ಆ ಚೀಟಿಯನ್ನೇ ನೆನೆಯುತ್ತಾ ನೋಡಿದ್ದು. ಚಿಚೆನ್ ಇಟ್ಸಾದ ಪಿರಮಿಡ್ಡಿನ ಮುಂದೆ ಚಪ್ಪಾಳೆ ತಟ್ಟಿದರೆ ಮೆಟ್ಟಿಲುಗಳಿಂದ ಹಕ್ಕಿ ಕೂಗಿದಂಥ ಸದ್ದು ಬರುತ್ತದೆ. ಅಜ್ಜಿ ತಟ್ಟಿದಳು, ಕೇಳಿ ನಕ್ಕಳು, ನನಗೂ ತಟ್ಟು ಎಂದಳು. ನನ್ನ ಕೈ ಏಳಲಿಲ್ಲ. ತುಲುಮ್‌ನ ಕಲ್ಲುಗಳ ಮೇಲೆ ದಪ್ಪ ದಪ್ಪ ಇಗ್ವಾನಾಗಳು ಬಿಸಿಲು ಕಾಯಿಸುತ್ತಿದ್ದವು. "ಪಟ್ಟದಕಲ್ಲಿನಾಗೂ ಹಿಂಗs ಓತಿಕ್ಯಾತ ಕುಂತಿರತಾವು" ಎಂದಳು ಅಜ್ಜಿ. ಅಪ್ಪ ಕೈಯಲ್ಲಿನ ಹಾಳೆ ನೋಡಿ, ಹತ್ತು ನಿಮಿಷ ಲೇಟಾಗಿದ್ದೇವೆ ಎಂದು ಅವಸರ ಮಾಡುತ್ತಿದ್ದರು. ಅವರು ಪೌಚಿಗೆ ಕೈ ಹಾಕಿದಾಗಲೆಲ್ಲ ನಾನು ಅಮ್ಮನ ಹಿಂದೆ ಸರಿಯುತ್ತಿದ್ದೆ. ಮೆರಿದಾದಲ್ಲಿ ಐಸ್‌ಕ್ರೀಮು ಬೇಡ ಎಂದಾಗ ಅಮ್ಮ ಹಣೆ ಮುಟ್ಟಿ ನೋಡಿದರು.

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಳಿದಾಗ ಹಗಲು ಮೂರು ಗಂಟೆ. ಸಾಲು ಮೆಲ್ಲಗೆ ಸರಿಯುತ್ತಿತ್ತು. ನಮ್ಮ ಸರದಿ ಬಂದು, ಅಪ್ಪ ನಾಲ್ಕೂ ಪಾಸ್‌ಪೋರ್ಟು ಕೊಟ್ಟರು. ಆಫೀಸರು ಪುಟ ತಿರುಗಿಸಿ ನಿಂತ. ಚೀಟಿಯನ್ನು ದೀಪಕ್ಕೆ ಹಿಡಿದ. ಈ ತಾರೀಖನ್ನು ಅಳಿಸಿದವರು ಯಾರು ಎಂದು ಕೇಳಿದ. ಅಪ್ಪನ ಇಂಗ್ಲಿಷು ಎಂದೂ ತಡವರಿಸಿದ್ದಿಲ್ಲ. ಅವತ್ತು ತಡವರಿಸಿತು.

ನಮ್ಮನ್ನು ಒಳಗಿನ ಒಂದು ಕೋಣೆಗೆ ಕರೆದೊಯ್ದರು. ಸಾಲು ಕುರ್ಚಿಗಳು, ಎತ್ತರದ ಕಟ್ಟೆಯ ಹಿಂದೆ ಇನ್ನೊಬ್ಬಳು ಆಫೀಸರು. ಅವಳು ನನ್ನತ್ತ ಬಗ್ಗಿ ಪ್ರೀತಿಯಿಂದಲೇ ಹೇಳಿದಳು: ನೀನು ಮನೆಗೆ ಬಂದಾಯ್ತು, ನಿನ್ನದೇನೂ ತಕರಾರಿಲ್ಲ, ಅವರದಷ್ಟೇ ನೋಡಬೇಕು. ಅದಕ್ಕಿಂತ ಭಯದ ಮಾತನ್ನು ನನ್ನ ಆಯುಷ್ಯದಲ್ಲಿ ಯಾರೂ ನನಗೆ ಹೇಳಿಲ್ಲ. ಅಪ್ಪ ಅಮ್ಮ ಆ ಕಡೆ, ನಾನೊಬ್ಬಳೇ ಈ ಕಡೆ ಎಂದು ಅಮ್ಮನ ದುಪಟ್ಟಾ ಮುಷ್ಟಿಯಲ್ಲಿ ಹಿಡಿದುಕೊಂಡೆ.

ಅಪ್ಪ ಅಜ್ಜಿಯ ಕಡೆ ತಿರುಗಿದರು. ದನಿ ತಗ್ಗಿತ್ತು.

"ಅವ್ವಾ, ಚೀಟಿಗೆ ಕುಂಕುಮ ಹಚ್ಚಿದೇನು?"

"ಪುಸ್ತಕಕ್ಕ ಹಚ್ಚಬ್ಯಾಡ ಅಂದಿದ್ದೆಲ್ಲಪಾ. ಅದಕ್ಕs ಚೀಟಿಗೆ ಒಂದು ಸಣ್ಣ ಬೊಟ್ಟು..."

"ಸಣ್ಣ ಬೊಟ್ಟು! ಹತ್ತು ವರ್ಷ ಕಷ್ಟಪಟ್ಟು ಕಟ್ಟಿದ್ದು ನಿನ್ನ ಒಂದು ಬೊಟ್ಟಿನಾಗ ಹೋತು. ಯಾಕರ ಕರಿಸಿದೆನೋ ನಿನ್ನ ಇಲ್ಲಿಗೆ."

"ರೀ, ಸಾಕು ಬಿಡಿ" ಎಂದರು ಅಮ್ಮ.

ಅಜ್ಜಿ ತನ್ನ ಬೆರಳ ತುದಿ ನೋಡಿಕೊಂಡಳು. "ಅಷ್ಟು ದೊಡ್ಡದು ನಾ ಇಟ್ಟಿದ್ದಿಲ್ಲ" ಎಂದಳು, ಯಾರಿಗೂ ಅಲ್ಲದ ಹಾಗೆ. ಆಮೇಲೆ ನನ್ನ ಮುಖ ನೋಡಿದಳು. ಬಹಳ ಹೊತ್ತು ನೋಡಿದಳು. ಮತ್ತೆ ಆ ಮಾತು ಎತ್ತಲಿಲ್ಲ. ಸೆರಗು ಹೊದ್ದು, ಕೈ ಮಡಿಲಲ್ಲಿಟ್ಟುಕೊಂಡು ಕುಳಿತಳು. ನಾನೇ ಒರೆಸಿದ್ದು ಎಂಬ ಎರಡು ಶಬ್ದ ನನ್ನ ನಾಲಿಗೆಯ ಮೇಲೇ ಇದ್ದವು. ಕನ್ನಡದಲ್ಲೂ ಇದ್ದವು, ಇಂಗ್ಲಿಷಿನಲ್ಲೂ ಇದ್ದವು. ನಾನು ಹೇಡಿ, ಹೇಳಲಿಲ್ಲ.

ಒಂದೂವರೆ ಗಂಟೆಯ ಮೇಲೆ ಆಫೀಸರು ಅಪ್ಪನನ್ನು ಕರೆದಳು. ಕಂಪ್ಯೂಟರಿನಲ್ಲಿದ್ದ ತಾರೀಖು ಅಪ್ಪ ಹೇಳಿದ್ದಕ್ಕೆ ಸರಿಹೊಂದಿತ್ತಂತೆ. ಹೊಸ ಚೀಟಿಗೆ ಮುದ್ರೆ ಒತ್ತಿ, ಇನ್ನು ಮೇಲೆ ಜೋಪಾನ ಎಂದು ಕಳಿಸಿದಳು. ಅಮ್ಮ ಅಲ್ಲೇ ಅತ್ತರು.

ಸೆಪ್ಟೆಂಬರಿನವರೆಗೆ ಇರಬೇಕಿದ್ದ ಅಜ್ಜಿ ಮೇ ತಿಂಗಳಲ್ಲೇ ಹೊರಟು ನಿಂತಳು. ಮೊಣಕಾಲು ನೋವು, ಊರಿನ ಡಾಕ್ಟರೇ ಬೇಕು ಎಂದಳು. ಅಪ್ಪ ಇರು ಎಂದರು, ಒತ್ತಾಯ ಮಾಡಲಿಲ್ಲ. ಆಮೇಲೆ ಎಷ್ಟು ಕರೆದರೂ ಅವಳು ಬರಲಿಲ್ಲ. ಫೋನಿನಲ್ಲಿ ನನ್ನೊಡನೆ ಎಲ್ಲ ಮಾತಾಡುತ್ತಿದ್ದಳು. ಆ ಕೋಣೆಯ ಮಾತನ್ನು ಮಾತ್ರ ಅವಳೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಹಾಗೆಯೇ ಒಂದು ದಿನ ತೀರಿಕೊಂಡಳು.

ಈಗ ಆ ಬಿಳಿ ಚೀಟಿಯ ಕಾಲ ಮುಗಿದಿದೆ. ಮನೆಯವರೆಲ್ಲ ಈ ದೇಶದ ಪ್ರಜೆಗಳು. ಕಳೆದ ಚಳಿಗಾಲ ನನ್ನ ಮಕ್ಕಳನ್ನು ಕಟ್ಟಿಕೊಂಡು ಅದೇ ದಂಡೆಗೆ ಹೋಗಿ ಬಂದೆ. ಹೊರಡುವ ಮುಂಚೆ ಯಾರೂ ದನಿ ತಗ್ಗಿಸಲಿಲ್ಲ, ನಮ್ಮ ದಾರಿಯ ಬಗ್ಗೆ ಯಾರಿಗೂ ಹೆದರಿಕೆ ಇರಲಿಲ್ಲ. ತಿರುಗಿ ಬರುವಾಗ ಯಂತ್ರವೊಂದು ಮುಖದ ಫೋಟೋ ತೆಗೆದು ಒಳಗೆ ಬಿಟ್ಟಿತು. ಇಷ್ಟು ಸಲೀಸಾದ ಪ್ರಯಾಣದಲ್ಲಿ ನನಗೆ ಅಜ್ಜಿ ಇಲ್ಲ ಎಂಬುದೇ ಎದ್ದು ಕಂಡಿತು. ತಡೆಯಲಾಗಲಿಲ್ಲ.

ಆ ವಾರವೇ ಅಪ್ಪನಿಗೆ ಹೇಳಿದೆ. ಯೂನಿಯನ್ ಸಿಟಿಯ ಪಕ್ಕದ ಊರು ನೆವಾರ್ಕಿನ ಅವರ ಮನೆಯ ಹಿತ್ತಿಲಲ್ಲಿ ಮೆಂತ್ಯ ಸೊಪ್ಪು ಬಿಡಿಸುತ್ತಾ ಕುಳಿತಿದ್ದರು.

"ಅಪ್ಪಾ, ಅವತ್ತು ಚೀಟಿ ಒರೆಸಿ ಕೆಡಿಸಿದ್ದು ನಾನು. ಅಜ್ಜಿ ಅಲ್ಲ."

ಅವರು ತಲೆ ಎತ್ತಲಿಲ್ಲ. "ಗೊತ್ತು. ಆ ಕೋಣೆಯಾಗ ನಿನ್ನ ಮುಖ ನೋಡಿನs ಗೊತ್ತಾಗಿತ್ತು."

"ಮತ್ತೆ ಅಜ್ಜಿಗ್ಯಾಕೆ ಬೈದ್ರಿ?"

ಕೈಯಲ್ಲಿದ್ದ ಕಡ್ಡಿಯ ಎಲೆಗಳನ್ನೆಲ್ಲ ಬಿಡಿಸಿ ಮುಗಿಸಿದರು.

"ಬಾಯಿಗೆ ಬಂದದ್ದು ಮೊದಲs ಅಂದಾಗಿತ್ತು. ತಪ್ಪಾತು ಅನ್ನಬೇಕಿತ್ತು, ಅನಲಿಲ್ಲ. ನೀ ಸಣ್ಣಾಕಿ, ನಿನಗ ಬೈದ್ರ ನೀ ಮರೀತಿದ್ದಿಲ್ಲ. ಅವ್ವ ಮರೀತಾಳ ಅನಕೊಂಡೆ."