ಸಹಿ ಸರಿಯಾಗಿತ್ತು

ಮಧ್ಯಾಹ್ನದ ಹೊತ್ತಿಗೆ ನಮ್ಮ ಹೆಡ್ ಕ್ಯಾಶಿಯರರ ಹಣೆಯ ಮೇಲೆ ಎರಡು ಕೆಂಪು ಗೆರೆಗಳು ಮೂಡಿರುತ್ತಿದ್ದವು. ಅವರ ಬಲಗಿವಿ ಮಂದ. ಗಿರಾಕಿಗಳ ಮಾತು ಕೇಳಿಸಿಕೊಳ್ಳಲು ಕ್ಯಾಶ್ ಕೌಂಟರಿನ ಕಬ್ಬಿಣದ ಸರಳುಗಳಿಗೆ ಹಣೆಯೊತ್ತಿ, ಎಡಗಿವಿಯನ್ನು ಮುಂದಕ್ಕೆ ತಂದು ಕೂರುತ್ತಿದ್ದರು. ಸಂಜೆ ಮನೆಗೆ ಹೋಗುವಾಗಲೂ ಆ ಗೆರೆಗಳು ಪೂರ್ತಿ ಮಾಸಿರುತ್ತಿರಲಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳು. ಪುಂಜಾಲಕಟ್ಟೆಯ ಆಚೆ ನಮ್ಮದೊಂದು ಸಣ್ಣ ಶಾಖೆ. ನಾನು ಮೂಡಬಿದಿರೆಯಿಂದ ಬಂದ ಹೊಸ ಗುಮಾಸ್ತ. ಅವರು ನಾರಾವಿ ಕಡೆಯ ಜೈನರು. ಸೂರ್ಯ ಮುಳುಗುವ ಮೊದಲು ಊಟ ಮುಗಿಯಬೇಕಾದ್ದರಿಂದ ಐದು ಗಂಟೆಗೆ ಚೀಲ ಹೆಗಲಿಗೇರಿಸಿ ಬಸ್ಸಿಗೆ ಓಡುತ್ತಿದ್ದರು. ಓಡುವ ಮೊದಲು ಮಾತ್ರ ಯಾವುದಕ್ಕೂ ಅವಸರವೆಂಬುದು ಅವರಿಗಿರಲಿಲ್ಲ.

ನಮ್ಮ ಖಾತೆದಾರರಲ್ಲಿ ಅರ್ಧಕ್ಕರ್ಧ ಗಲ್ಫಿನಲ್ಲಿದ್ದವರು. ರಜೆ ಮುಗಿಸಿ ಹೊರಡುವಾಗ ಚೆಕ್ ಪುಸ್ತಕದ ಎಲ್ಲ ಹಾಳೆಗಳಿಗೂ ಸಹಿ ಹಾಕಿ, ತಮ್ಮನ ಕೈಗೋ ಸ್ನೇಹಿತನ ಕೈಗೋ ಕೊಟ್ಟು ವಿಮಾನ ಹತ್ತುವುದು ಆಗಿನ ರೂಢಿ. ಹೆಂಡತಿಗೆ ಸಹಿ ಬಾರದು, ಮನೆ ದೂರ. ಯಾರಾದರೂ ಹಣ ತೆಗೆದು ಕೊಡಬೇಕಲ್ಲ. ಈ ರೂಢಿ ಕಂಡರೆ ಕ್ಯಾಶಿಯರರಿಗೆ ಮೈಯೆಲ್ಲ ಉರಿಯುತ್ತಿತ್ತು. “ಹೆಂಡತಿಗೆ ಸೈನ್ ಕಲಿಸಿ ಮಾರಾಯ್ರೆ, ಇಬ್ಬರ ಹೆಸರಿಗೂ ಖಾತೆ ಮಾಡುವ” ಎಂದು ಪ್ರತಿಯೊಬ್ಬರಿಗೂ ಹೇಳುತ್ತಿದ್ದರು. ಅವರೆಲ್ಲ ನಕ್ಕು, ಮುಂದಿನ ಸಲ ನೋಡುವ ಎಂದು ಹೋಗಿಬಿಡುತ್ತಿದ್ದರು.

ಹಾಗಾಗಿ ಚೆಕ್ ತಂದವರನ್ನೆಲ್ಲ ಅವರು ವಿಚಾರಿಸುತ್ತಿದ್ದರು. “ಅವರು ಹುಷಾರಿದ್ದಾರಾ? ಫೋನ್ ಯಾವಾಗ ಬಂತು? ಇಷ್ಟು ಹಣ ಎಂತಕ್ಕೆ? ಮನೆಯವರಿಗೆ ಗೊತ್ತುಂಟಾ?” ಉತ್ತರ ಸರಿಬೀಳದಿದ್ದರೆ “ಕ್ಯಾಶ್ ಕಮ್ಮಿ ಉಂಟು, ನಾಳೆ ಬನ್ನಿ” ಎಂದು ಹಸಿ ಸುಳ್ಳು ಹೇಳಿ, ಅಟೆಂಡರನನ್ನು ಆ ಮನೆಗೆ ಅಟ್ಟುತ್ತಿದ್ದರು. ಇತ್ತ ಸಾಲು ಹೊಸಿಲು ದಾಟುತ್ತಿತ್ತು. ನಾನು ಬಿಸಿರಕ್ತದವನು. ಬ್ಯಾಂಕೋ ಪಂಚಾಯ್ತಿ ಕಟ್ಟೆಯೋ ಎಂದು ಗೊಣಗುತ್ತಿದ್ದೆ.

ಅವರು ರಜೆ ಹಾಕಿದ್ದ ಒಂದು ದಿನ ಕ್ಯಾಶಿನಲ್ಲಿ ನಾನು ಕುಳಿತಿದ್ದೆ. ಬಾಗಿಲು ತೆರೆಯುತ್ತಲೇ ಬಂದವನು ಒಳಗಿನ ಊರೊಂದರ ಕಟ್ಟೆಯ ಬಳಿಯ ಅಂಗಡಿಯವನು, ದುಬೈಯಲ್ಲಿದ್ದ ಖಾತೆದಾರನೊಬ್ಬನ ಜೀವದ ಗೆಳೆಯ. ಪ್ರತಿ ತಿಂಗಳು ಚೆಕ್ ತರುತ್ತಿದ್ದವನು ಅವನೇ. ಆವತ್ತಿನ ಚೆಕ್ಕಿನಲ್ಲಿ ಖಾತೆಯ ಹೆಚ್ಚುಕಮ್ಮಿ ಅಷ್ಟೂ ಹಣ ಬರೆದಿತ್ತು. “ಅವನ ಹೊಸ ಮನೆಗೆ ಕಲ್ಲು ಇಳಿಸ್ಲಿಕ್ಕುಂಟು” ಎಂದ. ಮ್ಯಾನೇಜರು ಸಹಿ ಹೋಲಿಸಿ ನೋಡಿದರು, ಸರಿಯಾಗಿತ್ತು. ಚೆಕ್ ಪಾಸು ಮಾಡಿದರು. ಅವನ ಹಣೆ ಬೆವರಿದ್ದನ್ನು ನಾನು ನೋಡಿದೆ. ಸೆಖೆ ಅಂದುಕೊಂಡೆ. ಏನೂ ಕೇಳದೆ ಹಣ ಎಣಿಸಿ ಕೊಟ್ಟೆ.

ಸಂಗತಿ ಆಮೇಲೆ ತಿಳಿಯಿತು. ಆ ಊರಿಗೆ ಇದ್ದದ್ದು ಒಂದೇ ಫೋನು, ಅದೂ ಅವನ ಅಂಗಡಿಯಲ್ಲಿ. ಗೆಳೆಯ ಕೆಲಸದ ಜಾಗದಲ್ಲಿ ಬಿದ್ದು ಸತ್ತನೆಂದು ಆವತ್ತು ಬೆಳಿಗ್ಗೆ ಅದಕ್ಕೆ ಕರೆ ಬಂದಿತ್ತು. ಗೆಳೆಯನ ಹೆಂಡತಿಗೆ ಸುದ್ದಿ ಹೇಳಲು ಹೊರಟವನು ಮೊದಲು ಬ್ಯಾಂಕಿಗೆ ಬಂದಿದ್ದ. ಹಣ ತನ್ನ ಮನೆಯಲ್ಲಿಟ್ಟು, ಆಮೇಲೆ ಅವಳ ಅಂಗಳಕ್ಕೆ ಹೋಗಿ ಎದೆ ಬಡಿದುಕೊಂಡು ಅತ್ತನಂತೆ.

ಕೇಳಿದವರಿಗೆ, ಸತ್ತವನಿಂದ ತನಗೆ ಸಾಲದ ಹಣ ಬರಬೇಕಿತ್ತು ಎಂದ. ಅಲ್ಲವೆನ್ನಬೇಕಾದವನು ಬದುಕಿರಲಿಲ್ಲ. ಸಾವಿನ ಸುದ್ದಿ ನಮಗೆ ತಲುಪುವ ಮೊದಲೇ ಪಾಸಾದ ಚೆಕ್ಕಾದ್ದರಿಂದ ಬ್ಯಾಂಕಿನ ತಪ್ಪಿಲ್ಲವೆಂದು ಮೇಲಿನವರು ಬರೆದುಕೊಟ್ಟರು. ಆ ಕಾಗದ ಓದಿ ನನಗೆ ಹೋದ ಜೀವ ಬಂದಂತಾಯಿತು. ಹಾಗಾದದ್ದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ಕ್ಯಾಶಿಯರರು ಬೈಯಲಿಲ್ಲ. “ಸೈನ್ ಸರಿ ಉಂಟು, ಕಾನೂನೂ ಸರಿ ಉಂಟು. ಆದ್ರೆ ಆ ಹೆಂಗಸಿಗೆ ನೀನೇ ಹೋಗಿ ಹೇಳ್ಬೇಕು, ಹಣ ಕೊಟ್ಟದ್ದು ನಾನು, ಒಂದು ಮಾತು ಕೇಳ್ಲಿಲ್ಲ ಅಂತ” ಎಂದರು. ಹೇಳ್ತೇನೆ ಎಂದೆ.

ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಮನೆಯಲ್ಲೇ ಇರಬೇಕಾದ ಇದ್ದತ್ ಮುಗಿಸಿ ಅವಳು ಶಾಖೆಗೆ ಬಂದಳು. ಗೋಡೆ ಅರ್ಧಕ್ಕೆ ನಿಂತ ಮನೆ, ಇಬ್ಬರು ಸಣ್ಣ ಮಕ್ಕಳು, ಬೀಡಿ ಕಟ್ಟುವ ಕೆಲಸ. ಗಂಡನ ಕಂಪೆನಿಯಿಂದ ಬರುವ ಪರಿಹಾರವನ್ನು ಮೈದುನನ ಖಾತೆಗೆ ಹಾಕಿಸೋಣವೆಂದು ನೆಂಟರು ಕಾಗದ ಸಿದ್ಧಮಾಡಿದ್ದರು. ಕ್ಯಾಶಿಯರರು ಅದನ್ನು ಬದಿಗೆ ಸರಿಸಿದರು. “ತಂಗೀ, ನಿನ್ನ ಹೆಸರಲ್ಲೇ ಬರ್ಲಿ. ಸೈನ್ ನಾನು ಕಲಿಸ್ತೇನೆ.” ಊಟದ ವೇಳೆಯಲ್ಲಿ, ಹಳೆಯ ಚಲನ್‌ಗಳ ಬೆನ್ನಿನ ಮೇಲೆ, ಹದಿನೈದು ದಿನ ಅವಳು ತನ್ನ ಹೆಸರು ಬರೆದಳು. “ಖಾಲಿ ಕಾಗದಕ್ಕೆ ಮಾತ್ರ ಹಾಕ್ಬೇಡ. ನಾನು ಕೇಳಿದ್ರೂ ಹಾಕ್ಬೇಡ” ಎನ್ನುತ್ತಿದ್ದರು. ಪರಿಹಾರ ಬಂತು, ಅವಳ ಕೈಗೇ ಬಂತು. ಹೋದ ಹಣದ ಕಾಲುಭಾಗವೂ ಇರಲಿಲ್ಲ.

ಆ ಹದಿನೈದು ದಿನವೂ ನಾನು ಪಕ್ಕದ ಮೇಜಿನಲ್ಲೇ ಇದ್ದೆ. ಹೇಳಲಿಲ್ಲ. ಅವಳು ಹೋಗುವಾಗ “ಬರ್ತೇನೆ ಸಾರ್” ಎಂದು ನನಗೂ ತಲೆ ಬಾಗಿಸುತ್ತಿದ್ದಳು. ಬಂಟ್ವಾಳಕ್ಕೆ ವರ್ಗವಾದಾಗ ಬಚಾವಾದೆ ಅನ್ನಿಸಿತು. ಬಿ.ಸಿ. ರೋಡಿನಲ್ಲಿ ಆಗೀಗ ಸಿಕ್ಕಾಗ ಕ್ಯಾಶಿಯರರು ಆ ವಿಷಯ ಎತ್ತುತ್ತಿರಲಿಲ್ಲ. ನನ್ನ ಮಕ್ಕಳು ಹೇಗಿದ್ದಾರೆ ಎಂದಷ್ಟೇ ಕೇಳುತ್ತಿದ್ದರು.

ಎರಡು ಸಾವಿರದ ಇಸವಿಯ ಈಚೆಗೆ ಅವರು ಕಾಯಿಲೆ ಬಿದ್ದು ತೀರಿಕೊಂಡರು. ನಾರಾವಿಯಲ್ಲಿ ಚಿತೆ ಉರಿದ ಮರುದಿನ, ಎಷ್ಟೋ ವರ್ಷ ತಡವಾಗಿ, ನಾನು ಅವಳ ಮನೆ ಹುಡುಕಿಕೊಂಡು ಹೋದೆ. ಜಗಲಿಯಲ್ಲಿ ಬೀಡಿಯ ಮೊರ ಮಡಿಲಲ್ಲಿಟ್ಟು ಕುಳಿತಿದ್ದಳು. ನಿಂತುಕೊಂಡೇ ಎಲ್ಲ ಹೇಳಿದೆ, ಬೆವರಿದ ಹಣೆಯ ವಿಷಯವನ್ನೂ.

ಅವಳು ಎಲೆ ಸುತ್ತುವುದನ್ನು ನಿಲ್ಲಿಸಲಿಲ್ಲ. “ಗೊತ್ತುಂಟು ಸಾರ್. ಸೈನ್ ಕಲಿಸುವಾಗ್ಲೇ ಅವರು ಹೇಳಿದ್ರು. ಆ ಹುಡುಗ ತಾನೇ ಬಂದು ಹೇಳ್ತಾನೆ, ಅಲ್ಲಿವರೆಗೆ ನೀನು ಕೇಳ್ಬೇಡ ಅಂದಿದ್ರು.”

ಅವಳು ನೂಲು ಕಟ್ಟಿ, ಬೀಡಿಯನ್ನು ಮೊರದಲ್ಲಿಟ್ಟಳು.

“ಹೋದ ವಾರ ಆಸ್ಪತ್ರೆಗೆ ಅವರನ್ನು ನೋಡ್ಲಿಕ್ಕೆ ಹೋಗಿದ್ದೆ. ಆ ಹುಡುಗ ಬಂದಿದ್ದನಾ ಅಂತ ಕೇಳಿದ್ರು. ಇಲ್ಲ ಅಂದೆ.”