ಮೈಸೂರು ನೀರಿನ ಕೂಜಾ

ನಮ್ಮ ಶಿವಮೊಗ್ಗವನ್ನು ಯಾರಾದರೂ ಹೀಗಳೆದರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ. ವಯಸ್ಸಾದ ಮೇಲೆ ಮಿಕ್ಕೆಲ್ಲದರಲ್ಲೂ ತಾಳ್ಮೆ ಬಂದಿದೆ, ಇದೊಂದರಲ್ಲಿ ಬಂದಿಲ್ಲ. ಬರುವುದೂ ಬೇಡ. ಆದರೆ ಎರಡನೇ ಮಹಾಯುದ್ಧಕ್ಕೆ ಒಂದೆರಡು ವರ್ಷ ಮುಂಚೆ, ನಮ್ಮ ಹೆಣ್ಣುಮಕ್ಕಳ ಶಾಲೆಗೆ ಮೈಸೂರಿನಿಂದ ಬಂದಿದ್ದ ಹೆಡ್ ಮೇಡಂ ಈ ಊರನ್ನು ದಿನಕ್ಕೆ ಹತ್ತು ಸಲ ಹೀಗಳೆದರೂ ನಾನು ತುಟಿ ಪಿಟಕ್ಕೆನ್ನದೆ ಕೇಳಿಸಿಕೊಳ್ಳುತ್ತಿದ್ದೆ. ಅದಕ್ಕೆ ಕಾರಣ ಶುದ್ಧ ಸ್ವಾರ್ಥ.

ನನಗಾಗ ಹತ್ತೊಂಬತ್ತು. ಅದೇ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಅಕ್ಷರ ತಿದ್ದಿಸುತ್ತ, ಸಂಜೆ ಮೇಡಂ ಹತ್ತಿರ ಇಂಗ್ಲಿಷು, ಲೆಕ್ಕ ಹೇಳಿಸಿಕೊಂಡು ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಓದುತ್ತಿದ್ದೆ. ಸೋಗಾನೆಯಲ್ಲಿ ಬೇಸಾಯ ಮಾಡಿಕೊಂಡಿದ್ದ ಅಪ್ಪ ನನ್ನನ್ನು ಪೇಟೆಯ ಸೋದರತ್ತೆಯ ಮನೆಯಲ್ಲಿ ಬಿಡುವಾಗಲೇ ಕಡ್ಡಿ ಮುರಿದಂತೆ ಹೇಳಿದ್ದರು: “ಹೇಳ್ಕೊಡೋರು ಇರೋತನಕ ಓದು. ಅವರು ಹೋದ ದಿನ ಗಾಡಿ ಕಳಿಸ್ತೀನಿ. ಬಂದು, ನಾನು ತೋರಿಸಿದ ಹುಡುಗನ್ನ ಮದುವೆ ಆಗ್ಬೇಕು.” ಈ ಮೇಡಂಗಿಂತ ಮುಂಚೆ ಬಂದ ಇಬ್ಬರು ತಿಂಗಳೊಪ್ಪತ್ತಿನಲ್ಲೇ ಗಂಟುಮೂಟೆ ಕಟ್ಟಿದ್ದರು. ಇಬ್ಬರನ್ನೂ ಓಡಿಸಿದ್ದು ಮಲೆನಾಡಿನ ಜ್ವರದ ಹೆದರಿಕೆ. ಆ ಎರಡು ಸಲವೂ ಬೇರೊಬ್ಬರು ಬರುತ್ತಾರೆಂದು ಹೇಳಿ ಅತ್ತೆ ಅಪ್ಪನ ಗಾಡಿಯನ್ನು ತಡೆದಿದ್ದರು; ಮೂರನೆಯ ಸಲ ಅಪ್ಪ ಕೇಳುವವರಲ್ಲ.

ಜ್ವರ ಸುಳ್ಳೆಂದು ನಾನು ಹೇಳುವುದಿಲ್ಲ. ನಮ್ಮಣ್ಣನೇ ಜ್ವರಗಡ್ಡೆ ಬೆಳೆದು, ಹೊಟ್ಟೆ ಉಬ್ಬಿಸಿಕೊಂಡು ಒಂದು ವರ್ಷ ಮಲಗಿದ್ದವನು. ಆದರೆ ಮೈಸೂರಿನ ಕಡೆಯವರು ಅದು ನಮ್ಮ ನೀರಿನಿಂದಲೇ ಬರುತ್ತದೆಂದು ನಂಬಿದ್ದರು. ಮೇಡಂ ರೈಲಿಳಿದದ್ದೇ ಒಂದು ದೊಡ್ಡ ಹಿತ್ತಾಳೆ ಕೂಜಾ ಹಿಡಿದು. ಅದರ ತುಂಬ ಮೈಸೂರಿನ ನೀರು, ಬಾಯಿಗೆ ಬಿಗಿದ ಬಟ್ಟೆ. ಅದು ಮುಗಿದ ಮೇಲೆ ನಮ್ಮ ನೀರನ್ನು ಅರ್ಧಕ್ಕರ್ಧ ಇಂಗುವಷ್ಟು ಕುದಿಸಿ, ಎರಡು ಪದರ ಬಟ್ಟೆಯಲ್ಲಿ ಸೋಸಿ, ಅದೇ ಕೂಜಾಕ್ಕೆ ತುಂಬಿಕೊಂಡು ಹೋದಲ್ಲೆಲ್ಲ ಹೊತ್ತೊಯ್ಯುತ್ತಿದ್ದರು. ತಮಾಷೆಯೆಂದರೆ, ಆರೋಗ್ಯದ ಪಾಠದಲ್ಲಿ ಬೋರ್ಡಿನ ಮೇಲೆ ಸೊಳ್ಳೆಯ ಚಿತ್ರ ಬರೆದು, ಈ ಜ್ವರಕ್ಕೆ ಇದೇ ಕಾರಣ ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದವರೂ ಅವರೇ. ನಾನು ಹಿಂದಿನ ಬೆಂಚಿನಲ್ಲಿ ನಗು ತಡೆದುಕೊಂಡು ಕೂತಿರುತ್ತಿದ್ದೆ.

ಅವರಿದ್ದದ್ದು ಅತ್ತೆಯ ಮನೆಯ ಹಿಂಭಾಗದ ಕೋಣೆಯಲ್ಲಿ. ಅತ್ತೆ ದಿನವೂ ಬಾಗಿಲಲ್ಲಿ ನಿಂತು, “ಒಂದು ತುತ್ತು ಉಂಡು ಹೋಗು ಮಾರಾಯ್ತಿ” ಎಂದು ಕರೆಯುತ್ತಿದ್ದರು.

“ನನ್ನನ್ನ ಮಾರಾಯ್ತಿ ಅನ್ಬೇಡಿ, ಕೇಳೋಕೆ ಒಂಥರಾ ಆಗುತ್ತೆ,” ಎನ್ನುತ್ತಿದ್ದರು ಮೇಡಂ. “ಊಟ ಬೇಡ ಅಂದಿದ್ದಕ್ಕೆ ತಪ್ಪು ತಿಳೀಬೇಡಿ. ನನಗೆ ಜಾತಿ ಚಿಂತೆ ಇಲ್ಲ, ಜ್ವರದ ಚಿಂತೆ.”

ಕಾರ್ತಿಕದ ಒಂದು ಶನಿವಾರ ಸಂಜೆ ಲೆಕ್ಕದ ಪುಸ್ತಕ ಹಿಡಿದು ಅವರ ಕೋಣೆಗೆ ಹೋದೆ. ಮೇಜಿನ ಮೇಲೆ ಇಂಗ್ಲಿಷಿನಲ್ಲಿ ಬರೆದ ಒಂದು ಅರ್ಜಿ ಇತ್ತು. ಅವರೇ ಕಲಿಸಿದ ಇಂಗ್ಲಿಷು ಆ ಹೊತ್ತಿಗೆ ಅಷ್ಟನ್ನು ಓದುವುದಕ್ಕೆ ಸಾಕಾಗಿತ್ತು. ಟ್ರಾನ್ಸ್‌ಫರ್, ಮೈಸೂರು, ಫೀವರ್. ಮೇಡಂ ಮುಚ್ಚಿಡಲಿಲ್ಲ. “ಸೋಮವಾರ ಟಪಾಲಿಗೆ ಹಾಕ್ತೀನಿ,” ಎಂದು ಅದನ್ನು ಮಡಿಸಿ ಕೈಚೀಲಕ್ಕೆ ಹಾಕಿಕೊಂಡರು. ನನ್ನ ಕಣ್ಣಿಗೆ ಸೋಗಾನೆಯಿಂದ ಬರುವ ಎತ್ತಿನ ಗಾಡಿ ಆಗಲೇ ಕಾಣಿಸಿತು.

“ನಾಳೆ ಭಾನುವಾರ ಮೇಡಂ. ಹೋಗೋ ಮುಂಚೆ ಒಂದು ಸಲ ಊರು ನೋಡ್ಬೇಡ್ವಾ?”

“ಇಲ್ಲಿ ನೋಡೋಕೆ ಏನಿದೆ?”

“ಬನ್ನಿ, ತೋರಿಸ್ತೀನಿ,” ಎಂದೆ. ಹೇಳಿದ್ದೇನೋ ದೊಡ್ಡ ದನಿಯಲ್ಲಿ, ಆದರೆ ಏನು ತೋರಿಸಬೇಕೆಂದು ನನಗೇ ಗೊತ್ತಿರಲಿಲ್ಲ.

ಬೆಳಿಗ್ಗೆ ಅತ್ತೆಗೆ ಖಾಯಮ್ಮಾಗಿ ಬರುತ್ತಿದ್ದ ಜಟಕಾ ಹಿಡಿದೆವು. ಜಟಕಾದ ಸಾಬರನ್ನು ನಾವೆಲ್ಲ ಚಾಚಾ ಎಂದೇ ಕರೆಯುವುದು. ನಾನು ಜಂಬದಿಂದ ಮೊದಲು ಗಾಡಿ ಹೊಡೆಸಿದ್ದು ಹೊಳೆಯ ಹತ್ತಿರದ ಹಳೆಯ ಅರಮನೆಗೆ. ಮರದ ಕಂಬಗಳು, ಕಂಬದ ಮೇಲಿನ ಕೆತ್ತನೆ, ಎಲ್ಲವನ್ನೂ ಕೈಯೆತ್ತಿ ವಿವರಿಸಿದೆ. ಮೇಡಂ ಪಾಪ ಕೊನೆಯವರೆಗೂ ಕೇಳಿದರು. ಆಮೇಲೆ ಬಹಳ ಮೆತ್ತಗೆ, “ನಮ್ಮಲ್ಲಿ ಅರಮನೆಯ ಕುದುರೆ ಲಾಯವೇ ಇದಕ್ಕಿಂತ ದೊಡ್ಡದು” ಎಂದರು. ಅವರು ಕೊಂಕು ಆಡಿದ್ದಲ್ಲ, ಇದ್ದದ್ದನ್ನು ಹೇಳಿದ್ದು. ಅದಕ್ಕೇ ನನಗೆ ಇನ್ನಷ್ಟು ಚುಚ್ಚಿತು.

ಸಪ್ಪೆ ಮೋರೆ ಹಾಕಿಕೊಂಡು ಬಂದ ನನ್ನನ್ನು ಚಾಚಾ ತರಾಟೆಗೆ ತೆಗೆದುಕೊಂಡರು. “ಅರೇ ಬೇಟಿ, ಮೈಸೂರ್ನೋರಿಗೆ ಯಾರಾದ್ರೂ ಅರಮನೆ ತೋರಿಸ್ತಾರಾ? ನೀನು ಓದಿದ್ದೆಲ್ಲ ಬೇಕಾರ್ ಆಯ್ತಲ್ಲ! ಹತ್ತಿ ಕೂತ್ಕೊಳ್ಳಿ. ಅಲ್ಲಿ ಸಿಗದೇ ಇರೋದು ನಾನು ತೋರಿಸ್ತೀನಿ.”

ಗಾಡಿ ಬಜಾರಿನ ದೊಡ್ಡ ರಸ್ತೆ ಬಿಟ್ಟು, ಎರಡು ಜಟಕಾ ಎದುರುಬದುರಾದರೆ ಒಂದು ಹಿಂದಕ್ಕೆ ಹೋಗಲೇಬೇಕಾದ ಒಂದು ಓಣಿಗೆ ನುಗ್ಗಿತು. ನಾಲ್ಕು ವರ್ಷದಿಂದ ಈ ಪೇಟೆಯಲ್ಲಿದ್ದರೂ ನಾನು ಆ ಓಣಿಗೆ ಕಾಲಿಟ್ಟವಳಲ್ಲ. ಒಂದು ಮನೆಯ ಜಗಲಿಯ ಮೇಲೆ ಶಾವಿಗೆ ಒತ್ತುವ ಮರದ ಒರಳು. ಬೆಂದ ಅಕ್ಕಿಹಿಟ್ಟಿನ ಬಿಸಿ ಉಂಡೆಯನ್ನು ಆ ಮನೆಯ ಮುದುಕಿ ಅತ್ತೆ ಒಳಗೆ ತುಂಬುವುದು, ಸೊಸೆ ಸನ್ನೆಕೋಲಿನ ಮೇಲೆ ಮೈಭಾರವನ್ನೆಲ್ಲ ಬಿಟ್ಟು ಒತ್ತುವುದು. ಅತ್ತೆ-ಸೊಸೆ ಒಂದು ಮಾತೂ ಆಡದೆ ಒಬ್ಬರ ಕೈಗೆ ಒಬ್ಬರು ಸರಿಯಾಗಿ ಒದಗುತ್ತಿದ್ದರು. ಭಾನುವಾರ ಮಾತ್ರ ಒತ್ತುತ್ತಾರಂತೆ. ಗೊತ್ತಿದ್ದವರು ಬರುತ್ತಾರೆ, ತಿಂದು ಹೋಗುತ್ತಾರೆ.

“ಹಬೆ ಏಳ್ತಾ ಇದೆ ಮೇಡಂ, ಬೆಂದಿದ್ದು ತಾನೇ?” ಎಂದೆ. ಮೇಡಂ ಹಬೆಯನ್ನೇ ಸ್ವಲ್ಪ ಹೊತ್ತು ನೋಡಿ, ಎಲೆಗೆ ಕೈ ಚಾಚಿದರು.

ಮೊದಲು ಕಾಯಿಹಾಲು, ಜೋನಿಬೆಲ್ಲ ಹಾಕಿ ಕೊಟ್ಟರು. ಮೇಡಂ ಎಲೆ ಬರಿದು ಮಾಡಿದರು. ಎರಡನೆಯ ಸಲ ಅವರೇ ಕೇಳಿದರು. ಆಗ ಆ ಮುದುಕಿ ಶಾವಿಗೆಯ ಪಕ್ಕದಲ್ಲಿ ಸೂಜಿಮೆಣಸಿನ ಚಟ್ನಿ ಇಟ್ಟಳು. ನೋಡುವುದಕ್ಕೆ ಬೆರಳ ತುದಿಯಷ್ಟೇ ಇದ್ದದ್ದು, ಮೇಡಂ ಅದನ್ನು ಒಂದೇ ತುತ್ತಿಗೆ ಬಾಯಿಗೆ ಹಾಕಿಕೊಂಡರು. ಕಣ್ಣು, ಮೂಗು ಎಲ್ಲದರಲ್ಲೂ ನೀರು. ಕೂಜಾ ಎತ್ತಿ ಗಟಗಟ ಕುಡಿದರು. ಉಸಿರೆಳೆದುಕೊಂಡರು. ಮತ್ತೆ ಚಟ್ನಿಯನ್ನೇ ಕೇಳಿದರು! ಆ ಓಣಿ ಬಿಡುವ ಹೊತ್ತಿಗೆ ಕೂಜಾ ಖಾಲಿ, ಬಾಯಿ ಇನ್ನೂ ಉರಿಯುತ್ತಿತ್ತು.

“ಮನೆಗೆ ಹೊಡೀರಿ, ನೀರು ಬೇಕು,” ಎಂದರು.

“ನೀರು ತಾನೇ?” ಎಂದ ಚಾಚಾ ಗಾಡಿಯನ್ನು ಹೊಳೆಗೆ ಹೊಡೆದರು.

ಮಳೆಗಾಲ ಕಳೆದು ತುಂಗೆ ತಿಳಿಯಾಗಿದ್ದಳು. ದಡದ ಮರಳಿನಲ್ಲಿ ಹತ್ತಾರು ಹೆಂಗಸರು ಕೂತು ಒರತೆ ತೋಡುತ್ತಿದ್ದರು. ಕುಡಿಯುವ ನೀರನ್ನು ನಾವು ಹರಿಯುವ ಹೊಳೆಯಿಂದ ಮೊಗೆಯುವುದಿಲ್ಲ. ಮರಳಿನಲ್ಲಿ ಮೊಳದಷ್ಟು ಗುಂಡಿ ಮಾಡಿ, ಮೊದಲು ಒಸರಿದ ನೀರನ್ನು ತೆಂಗಿನ ಕರಟದಿಂದ ಚೆಲ್ಲಿ, ಎರಡನೆಯದನ್ನೂ ಚೆಲ್ಲಿ, ಮೂರನೆಯ ಸಲ ತಳದ ಒಂದೊಂದು ಮರಳಿನ ಕಾಳೂ ಕಾಣುವಂತೆ ತುಂಬಿದಾಗ ಕೊಡಕ್ಕೆ ಮೊಗೆಯುವುದು. ಚಾಚಾ ದೂರದಲ್ಲಿ, ಕೆಳಗಡೆ, ಕುದುರೆಗೆ ನೀರು ಕುಡಿಸಲು ಹೋದರು. “ಭದ್ರಾವತಿಗೆ ಬಾಡಿಗೆ ಹೋದ್ರೆ ಇದು ಅಲ್ಲಿನ ನೀರಿಗೆ ಮೂಗೇ ಹಾಕಲ್ಲ ಅಮ್ಮಾ, ಅಷ್ಟು ಕೊಬ್ಬು,” ಎಂದು ಹೆಮ್ಮೆಯಿಂದ ಕೂಗಿ ಹೇಳಿದರು.

ಒಬ್ಬ ಹೆಂಗಸು ಜಾಗ ಬಿಟ್ಟುಕೊಟ್ಟು, ಕರಟ ತುಂಬಿ ಮೇಡಂ ಕಡೆ ಹಿಡಿದಳು. ಮೇಡಂ ಕೈ ಮುಂದೆ ಬಂತು, ಹಿಂದೆ ಹೋಯಿತು. “ಕುದಿಸದೆ ಹೇಗೆ...” ಎಂದರು.

ಆಗ ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ. “ಮೇಡಂ, ಜ್ವರ ಬರೋದು ಸೊಳ್ಳೆಯಿಂದ ಅಂತ ಬೋರ್ಡ್ ಮೇಲೆ ಚಿತ್ರ ಬರೆದೋರು ನೀವೇ. ಆ ಪಾಠ ಸುಳ್ಳಾದ್ರೆ ನಾಳೆ ಮಕ್ಕಳಿಗೆ ಹೇಳ್ಬಿಡಿ. ನಿಜ ಆದ್ರೆ ಈ ನೀರು ಕುಡೀರಿ.”

ಗುರುವಿಗೆ ಎದುರು ಮಾತು! ಪರೀಕ್ಷೆ, ಓದು ಎಲ್ಲವನ್ನೂ ನನ್ನ ಕೈಯಾರೆ ಹೊಳೆಗೆ ಹಾಕಿದೆನೆಂದುಕೊಂಡೆ. ಮೇಡಂ ನನ್ನನ್ನು ದಿಟ್ಟಿಸಿ ನೋಡಿದರು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಮರಳಿನ ಮೇಲೆ ಕೂತರು. ಆ ಹೆಂಗಸಿನ ಕರಟ ತೆಗೆದುಕೊಳ್ಳಲಿಲ್ಲ. ತಾವೇ ಕೈಯಿಂದ ಒಂದು ಗುಂಡಿ ತೋಡಿದರು. ಮೊದಲ ನೀರು ಚೆಲ್ಲಿದರು. ಎರಡನೆಯದು ಚೆಲ್ಲಿದರು. ಮೂರನೆಯದನ್ನು ಬೊಗಸೆಯಲ್ಲಿ ಎತ್ತಿ ಕುಡಿದರು, ಮತ್ತೆ ಎತ್ತಿದರು, ಮತ್ತೆ. ಸುತ್ತಲಿದ್ದ ಹೆಂಗಸರು ತಮ್ಮ ಮನೆಯ ಮಗು ಮೊದಲ ಸಲ ತಾನೇ ಉಂಡಿತೆಂಬಂತೆ ನಗುತ್ತಿದ್ದರು.

“ಸಿಹಿಯಾಗಿದೆ,” ಎಂದರು ಮೇಡಂ. ಬೆಲ್ಲ ಹಾಕಿದವಳು ನಾನೇ ಎಂಬಂತೆ ಬೀಗಿದೆ.

ಮನೆಗೆ ಹೋಗುವ ಮಾತನ್ನು ಅವರು ಮತ್ತೆ ಎತ್ತಲಿಲ್ಲ. “ಇನ್ನೇನಿದೆ ನಿಮ್ಮೂರಲ್ಲಿ?” ಎಂದರು. ಚಾಚಾ ನಮ್ಮನ್ನು ಮಧ್ಯಾಹ್ನದ ರೈಲಿಗೆ ಬಿಟ್ಟು, “ನೀರು ನಾನು ತೋರಿಸಿದೆ. ಬೆಂಕಿ ತೋರಿಸೋದು ನಿನ್ನ ಕೆಲಸ ಬೇಟಿ,” ಎಂದರು. ಭದ್ರಾವತಿಯನ್ನು ಹಿರಿಯರು ಆಗಲೂ ಬೆಂಕಿಪುರವೆಂದೇ ಕರೆಯುತ್ತಿದ್ದರು.

ಭದ್ರಾವತಿಯಲ್ಲಿ ಇಳಿದರೆ ಕಬ್ಬಿಣದ ಕಾರ್ಖಾನೆಯ ಹೊಗೆ, ಸೌದೆಯ ರಾಶಿ, ಬೀದಿಯಲ್ಲಿ ಕನ್ನಡದ ಜೊತೆಗೆ ತಮಿಳು, ತೆಲುಗು. ಬಿಸಿಲು ಇಳಿಯುವುದನ್ನು ಕಾಯುತ್ತ ಕಾರ್ಖಾನೆಯಾಚೆಗಿನ ಬಯಲಿನಲ್ಲಿ ಕೂತೆವು. ಕೆಲಸಗಾರರ ಮನೆಯವರು ಮಕ್ಕಳನ್ನು ಕಟ್ಟಿಕೊಂಡು, ನಾಟಕ ನೋಡಲು ಬಂದವರ ಹಾಗೆ ಎದುರಿನ ದಿಬ್ಬದ ಕಡೆ ಮುಖ ಮಾಡಿ ಕೂತಿದ್ದರು. ಕತ್ತಲು ಕವಿಯುವ ಹೊತ್ತಿಗೆ ಹಳಿಗಳ ಮೇಲೆ ಕಬ್ಬಿಣದ ಬಂಡಿಯೊಂದು ಬಂತು, ದಿಬ್ಬದ ತುದಿಯಲ್ಲಿ ವಾಲಿತು. ಕಬ್ಬಿಣ ತೆಗೆದ ಮೇಲೆ ಉಳಿಯುವ ಕರಗಿದ ಕಿಟ್ಟ ಕೆಂಪಗೆ ಇಳಿಜಾರಿನುದ್ದಕ್ಕೂ ಹರಿಯಿತು. ಅಷ್ಟು ದೂರಕ್ಕೂ ಮುಖಕ್ಕೆ ಬಿಸಿ ತಾಗಿತು. ಮೇಡಂ ಎದ್ದು ನಿಂತು ನನ್ನ ಕೈ ಹಿಡಿದುಕೊಂಡರು.

“ದಸರಾ ದೀಪ ಎಷ್ಟೋ ಸಲ ನೋಡಿದ್ದೀನಿ,” ಎಂದರು. “ಅದು ನೋಡೋಕೆ ಹಚ್ಚಿದ್ದು. ಇದು ದುಡಿಮೆಯದು.”

ನನಗೆ ಅಳು ಬರುವಷ್ಟು ಹೆಮ್ಮೆಯಾಯಿತು.

ಪಕ್ಕದಲ್ಲಿ ಒಬ್ಬ ತಮಿಳು ಹೆಂಗಸು ಬುಟ್ಟಿಯಲ್ಲಿ ಸುಂಡಲ್ ಮಾರುತ್ತಿದ್ದಳು; ನಮ್ಮ ಕಡಲೆ ಉಸಲಿಯೇ, ಕಾಯಿತುರಿ ಮಾತ್ರ ಧಾರಾಳ. ಕೇಳಿದರೆ ಕೈಯಾಡಿಸಿ, “ಎಲೆ ಎಲ್ಲಾ ಆಗೋಯ್ತಮ್ಮಾ, ಯಾವ್ದ್ರಲ್ಲಿ ಕೊಡ್ಲಿ?” ಎಂದಳು. ಮೇಡಂ ಕೈಚೀಲ ತೆರೆದು, ಮಡಿಸಿದ ಒಂದು ಕಾಗದ ತೆಗೆದು ಅವಳಿಗೆ ಕೊಟ್ಟರು. ಅವಳು ಅದನ್ನು ಪೊಟ್ಟಣ ಸುತ್ತಿ, ತುಂಬಿ ನನ್ನ ಕೈಗಿಟ್ಟಳು. ಬೆಂಕಿಯ ಬೆಳಕಿನಲ್ಲಿ ನೋಡಿದರೆ ಇಂಗ್ಲಿಷಿನ ದುಂಡು ಅಕ್ಷರ. ಫೀವರ್ ಎಂಬ ಮಾತಿನ ಮೇಲೆ ಒಗ್ಗರಣೆಯ ಎಣ್ಣೆ ಹರಡುತ್ತಿತ್ತು.

“ಏನು ನೋಡ್ತೀಯಾ, ಆರಿಹೋಗುತ್ತೆ ತಿನ್ನು,” ಎಂದರು ಮೇಡಂ, ದಿಬ್ಬದಿಂದ ಕಣ್ಣು ತೆಗೆಯದೆ. ಅಷ್ಟು ರುಚಿಯಾದ ಸುಂಡಲ್ ನಾನು ಆಮೇಲೆ ಎಲ್ಲೂ ತಿಂದಿಲ್ಲ.

ಸೋಗಾನೆಯ ಗಾಡಿ ಬರಲಿಲ್ಲ. ನಾನು ಪರೀಕ್ಷೆಗೆ ಕೂತೆ. ಬೇಸಿಗೆ ರಜೆಗೆ ಮೇಡಂ ಮೈಸೂರಿಗೆ ಹೊರಟ ದಿನ, ಮತ್ತೆ ಬರುತ್ತಾರೋ ಇಲ್ಲವೋ ಎಂದುಕೊಳ್ಳುತ್ತಲೇ ಸ್ಟೇಷನ್ನಿಗೆ ಹೋದೆ. ಅವರ ಕೈಯಲ್ಲಿ ಅದೇ ಹಿತ್ತಾಳೆ ಕೂಜಾ, ಬಾಯಿಗೆ ಬಟ್ಟೆ ಬಿಗಿದಿತ್ತು. ಗಾಡಿ ಹತ್ತುವಾಗ ಅದನ್ನು ನನ್ನ ಕೈಗೆ ದಾಟಿಸಿದರು. ಭಾರವಿತ್ತು.

“ಇದೇನು ಮೇಡಂ?”

“ಬೆಳಿಗ್ಗೆ ಎದ್ದು ಒರತೆ ತೋಡಿ ತುಂಬ್ಕೊಂಡು ಬಂದೆ. ನಮ್ಮಮ್ಮನಿಗೆ ಕುಡಿಸ್ಬೇಕು,” ಎನ್ನುತ್ತ ಮೇಲೆ ಹತ್ತಿ, ಕೂಜಾಕ್ಕೆ ಎರಡೂ ಕೈ ಚಾಚಿದರು. “ಮೆಲ್ಲಗೆ ಕೊಡು ಮಾರಾಯ್ತಿ, ಚೆಲ್ಲೀತು.”