ಪುರಾಣದ ಪುಟಕ್ಕೆ ನಾನು ಹಚ್ಚಿದ ಕುಂಕುಮ

ಸುವರ್ಣಾ, ನಿನ್ನ ಕಂಪ್ಯೂಟರು ಕನ್ನಡವನ್ನು ತಪ್ಪು ತಪ್ಪಾಗಿ ಓದುವಂತೆ ಮಾಡಿದವಳು ನಾನು. ತಪ್ಪು ನಿನ್ನದಲ್ಲ, ಯಂತ್ರದ್ದೂ ಅಲ್ಲ — ಈ ಕೈಯದು.

ನೀನು ಕಿರಿಯ ಸೊಸೆಯಾಗಿ ಬರುವ ಮೊದಲಿನಿಂದಲೂ ಮಾವನವರಿಗೆ ದಿನಾ ಸಂಜೆ ಪುರಾಣ ಓದುತ್ತಿದ್ದವಳು ನಾನು. ಅವರ ಕಣ್ಣು ಮಂದವಾಗಿ ಸಣ್ಣ ಅಕ್ಷರ ಕಾಣುತ್ತಿರಲಿಲ್ಲ. ಬನಹಟ್ಟಿಯ ನಮ್ಮ ಓಣಿಯ ಹೆಂಗಸರೂ ಬಂದು ಕೂರುತ್ತಿದ್ದರು. ಏಳನೇ ಇಯತ್ತೆ ಕಲಿತವಳಿಗೆ ದೇವರು ಅಷ್ಟಾದರೂ ಮಾನ ಕೊಟ್ಟನಲ್ಲ ಎಂದು ಕೈಮುಗಿಯುತ್ತಿದ್ದೆ. ನೀನು ಜಮಖಂಡಿಯ ಡಿಟಿಪಿ ಅಂಗಡಿಯ ಕೆಲಸ ಮುಗಿಸಿ ಬಸ್ಸಿಳಿದು ಬಂದು ಅಲ್ಲಿಯ ಸುದ್ದಿ ಹೇಳುವಾಗ ಮಾವನವರು ನಗುತ್ತಿದ್ದರು. ನಾನು ಓದುವಾಗ ಒಮ್ಮೆಯೂ ಹಾಗೆ —

ಅಂಗಡಿಯ ಸ್ಕ್ಯಾನರಿನ ಜೊತೆ ಬಂದ, ಪುಟ ಓದುವ ಸಿಡಿಗೆ ಇಂಗ್ಲಿಷ್ ಅಷ್ಟೇ ಗೊತ್ತು, ಕನ್ನಡ ಪುಟ ಅದಕ್ಕೆ ಬರೀ ಚಿತ್ರ ಎನ್ನುತ್ತಿದ್ದೆ ನೀನು. ಕೆಲವು ವರ್ಷ ಕಳೆದು ಕನ್ನಡವನ್ನೂ ಓದುವ ಸಾಫ್ಟ್‌ವೇರ್ ಅಂಗಡಿಗೆ ಬಂತು.

"ಮಾವಾರ, ನಿಮ್ಮ ಪುರಾಣ ಅದರ ಕಡಿಂದ ಓದಸ್ತೇನ್ರಿ. ಅಕ್ಷರ ದೊಡ್ಡೂ ಮಾಡಿ ಪ್ರಿಂಟ್ ಕೊಡ್ತೇನಿ, ನೀವ ಓದಕೋರಿ."

"ಒಂದ ಅಧ್ಯಾಯ ಮಾಡಿ ತೋರಸು. ಕೈಲೆ ತಿದ್ದಿ ನನಗ ಟೋಪಿ ಹಾಕಬ್ಯಾಡ ಮತ್ತ. ಖರೆ ಆತಂದ್ರ ಕಂಪ್ಯೂಟರ್ ಮನ್ಯಾಗ ಇಟಗೊಂಡು ಇಲ್ಲೇ ಕೆಲಸ ಮಾಡು."

ನಿನ್ನ ಕೂಸು ಆಗ ಹಾಲು ಕುಡಿಯುತ್ತಿತ್ತು. ಆ ಮಾತು ನಿನಗೆ ಎಷ್ಟು ದೊಡ್ಡದೆಂದು ನನಗೆ ಗೊತ್ತಿತ್ತು. ನೀನು ನನ್ನನ್ನು ನಂಬಿ ಹೇಳಿದ್ದೆ: "ಅಕ್ಕಾರ, ಪುಟ ಸ್ವಚ್ಛ ಇರಬೇಕ್ರಿ. ಕಲೆ ಬಿದ್ದಿದ್ರ ಅದನ್ನೂ ಅಕ್ಷರ ಅಂತ ತಿಳಕೋತೈತಿ. ಹುಚ್ಚ ಐತಿ ಅದು."

ಮರುದಿನ ಪೂಜೆಯಲ್ಲಿ ಪುಸ್ತಕದ ರಟ್ಟಿಗೆ ಎಂದಿನಂತೆ ಒಂದು ಬೊಟ್ಟು ಕುಂಕುಮ ಇಟ್ಟೆ. ಆಮೇಲೆ ನೀನು ಓದಿಸಬೇಕೆಂದಿದ್ದ ಅಧ್ಯಾಯ ತೆರೆದು, ಒದ್ದೆ ಕುಂಕುಮವನ್ನು ಒಂದು ಪುಟವೂ ಬಿಡದೆ ಸಾಲುಗಳ ಮೇಲೇ ಒತ್ತಿದೆ. ಬಾಯಲ್ಲಿ ಶಿವನಾಮ ನಡೆದೇ ಇತ್ತು. ನೀನು ಪುಟ ತಿರುವಿ ನೋಡಿದೆ, ನನ್ನ ಮುಖ ನೋಡಿದೆ, ಹಾಗೇ ಅಂಗಡಿಗೆ ಒಯ್ದೆ. ದೇವರ ಕುಂಕುಮ ಕೆಡಿಸಿತು ಎಂದು ಯಾವ ಸೊಸೆ ಬಾಯಿ ಬಿಟ್ಟಾಳು? ಅದನ್ನು ನೆಚ್ಚಿಯೇ ಹಚ್ಚಿದ್ದೆ.

ಓಣಿಯವರೆಲ್ಲ ಕೂತಿದ್ದ ಸಂಜೆ ಮಾವನವರು ನಿನ್ನ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ತಡವರಿಸಿದರು. "ಇದೇನ ಬೇ, ಪುರಾಣೋ, ಸಂತಿ ಗದ್ದಲೋ? ನಿನ್ನ ಮಷಿನ್ ಕುಡದೈತೇನ?"

ಎಲ್ಲರೂ ನಕ್ಕರು. ನಾನೂ ನಕ್ಕೆ.

"ಸಾಕವ್ವ ನಿನ್ನ ಕಂಪ್ಯೂಟರ್. ದೊಡ್ಡಾಕಿ ಓದ್ತಾಳ."

ತಿಂಗಳೊಳಗೆ, ಕೂಸನ್ನು ಬಿಟ್ಟು ಹೋಗಲಾಗದೆ, ನೀನು ಅಂಗಡಿಯನ್ನೂ ಬಿಟ್ಟೆ. ನಾನು ಅದನ್ನೂ ದೇವರ ದಯೆ ಎಂದೇ ಎಣಿಸಿದೆ.

ಕಡೆಯ ದಿನಗಳಲ್ಲಿ ಮಾವನವರು ಒಮ್ಮೆ ಅಂದರು — "ಒಂದ ಸಲ ನನ್ನ ಕಣ್ಣಲೇ ಓದಬೇಕಂತ ಭಾಳ ಆಸೆ ಇತ್ತ ಯವ್ವ." ಪುಸ್ತಕ ನನ್ನ ತೊಡೆಯ ಮೇಲಿತ್ತು. ಆಗಲೂ ಹೇಳಲಿಲ್ಲ.

ಅವರಿಗೆ ಇನ್ನು ಹೇಳಲಾರೆ. ಆ ಸಂಜೆ ನಕ್ಕವರಲ್ಲಿ ಬದುಕಿರುವವರನ್ನೆಲ್ಲ ಸೋಮವಾರ ಕರೆದಿದ್ದೇನೆ. ನೀನು ಬಂದರೂ ಬಾರದಿದ್ದರೂ ಅವರೆದುರು ನಿಂತು ಈ ಕಾಗದವನ್ನು ಹೀಗೆಯೇ ಓದುತ್ತೇನೆ.